ಕೈ ಬೀಸದ ತಾರಸಿ

ವಾಯುಪಡೆಯಲ್ಲಿ ಫೋಟೋದವನಿಗೆ ಎಷ್ಟು ಬೆಲೆ ಎಂಬುದು ಹೆಲಿಕಾಪ್ಟರ್ ಹತ್ತಿದಾಗ ಸರಿಯಾಗಿ ಗೊತ್ತಾಗುತ್ತದೆ. ಪೈಲಟ್ ಬೇಕು, ಹಗ್ಗದಲ್ಲಿ ಇಳಿಯುವ ಕಮಾಂಡೊ ಬೇಕು, ಆ ಹಗ್ಗವನ್ನು ಇಳಿಸಿ ಎತ್ತುವ ವಿಂಚಿನವನು ಬೇಕು. ಸಾರ್ಜೆಂಟ್ ರವಿಕಿರಣ್ ಎಂಬ ನಾನು, ನನ್ನ ಕ್ಯಾಮೆರಾ, ಎರಡೂ ದಂಡದ ತೂಕ. "ನೀನ್ ಇಳಿದ್ರೆ ಇನ್ನೊಂದು ಮೂಟೆ ಬ್ರೆಡ್ ಹಾಕ್ಬೋದು" ಎಂದು ವಿಂಚಿನ ಸಾಯಿ ಪ್ರತಿ ಸಲವೂ ರೇಗಿಸುತ್ತಾನೆ. ನಾನೂ ಬಿಡುವವನಲ್ಲ. "ನಾನ್ ಇಳಿದ್ರೆ ನೀನ್ ಬ್ರೆಡ್ ಹಾಕಿದ್ದು ನಿನ್ ಹೆಂಡ್ತಿಗೂ ಗೊತ್ತಾಗಕಿಲ್ಲ ಕಣಯ್ಯ" ಅನ್ನುತ್ತೇನೆ. ಅವನು ಆಂಧ್ರದ ಗಡಿಯ ಹಿಂದೂಪುರದವನು, ಹೀಗಾಗಿ ನನ್ನ ಮದ್ದೂರಿನ ಕನ್ನಡ ಅವನಿಗೆ ಚೆನ್ನಾಗಿಯೇ ನಾಟುತ್ತದೆ.

ಆ ಡಿಸೆಂಬರಿನ ಚಂಡಮಾರುತ ಚೆನ್ನೈಯನ್ನು ಮುಳುಗಿಸಿ ಹೋದ ಮಾರನೆಯ ಬೆಳಿಗ್ಗೆ ತಾಂಬರಂ ವಾಯುನೆಲೆಯಿಂದ ಹೊರಟೆವು. ಮಾಧವರಂ ಕಡೆ ತಾರಸಿಗಳ ಮೇಲೆ ಸಿಕ್ಕಿಕೊಂಡಿದ್ದ ಜನಕ್ಕೆ ಊಟದ ಪೊಟ್ಟಣ, ನೀರು ಹಾಕಬೇಕಿತ್ತು. ನನಗೆ ಮೇಲಿನವರು ಕೊಟ್ಟ ಆರ್ಡರ್ ಸ್ಪಷ್ಟವಾಗಿತ್ತು: ಕೈ ಬೀಸುವ ಜನ, ಬೀಳುವ ಪೊಟ್ಟಣ, ಮೂಲೆಯಲ್ಲಿ ನಮ್ಮ ಹೆಲಿಕಾಪ್ಟರಿನ ಬಾಲ. ಮಧ್ಯಾಹ್ನದೊಳಗೆ ಟೀವಿಯವರಿಗೆ ತಲುಪಬೇಕು. ಹಾಗಾಗಿ ನಾನು ಕೈ ಬೀಸುವವರನ್ನು ಹುಡುಕುತ್ತಿದ್ದೆ. ಸಾಯಿಯೂ ಕೈ ಎಲ್ಲಿ ಮೇಲೆದ್ದಿದೆಯೋ ಅಲ್ಲಿಗೇ ಪೊಟ್ಟಣ ತಳ್ಳುತ್ತಿದ್ದ. ಮೇಲಿನಿಂದ ನೋಡುವವರಿಗೆ ಬೇರೆ ಯಾವ ಗುರುತು ಇರುತ್ತದೆ?

ಜನ ಏನೇನನ್ನೋ ಬೀಸುತ್ತಿದ್ದರು. ಲುಂಗಿ, ಕೊಡೆ, ಚಾಪೆ, ಒಬ್ಬ ಪುಣ್ಯಾತ್ಮ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೇ ಎತ್ತಿ ತಿರುಗಿಸುತ್ತಿದ್ದ. ಕೆಲವರು ಬೀಸುತ್ತಲೇ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಮ್ಮನ್ನೇ ಶೂಟ್ ಮಾಡುತ್ತಿದ್ದರು. ಮೂಟೆಗಳು ಖಾಲಿಯಾದವು. ಎಣ್ಣೆ ಕಡಿಮೆಯಾಗುತ್ತಿದೆ, ವಾಪಸ್ ಹೊರಡುತ್ತೇವೆ ಎಂದು ಪೈಲಟ್ ಅಶ್ವಿತಾ ಮೇಡಂ ಹೆಡ್‌ಫೋನಿನಲ್ಲಿ ಹೇಳಿದರು. ಅವರು ಪುತ್ತೂರಿನವರು. ಕೆಲಸದ ಮಾತು ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಮಾತ್ರ ಕನ್ನಡ.

ತಿರುಗುವಾಗ ನಾನು ಲೆನ್ಸನ್ನು ಪೂರ್ತಿ ಎಳೆದು ಕೊನೆಯ ಸಾಲಿನ ಮನೆಗಳ ಮೇಲೆ ಹಾಯಿಸಿದೆ. ಕೆರೆಯಂಚಿನಲ್ಲಿ ಒಂದು ಒಂಟಿ ಮನೆ. ತಾರಸಿಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ನಮಗೆ ಬೆನ್ನು ಹಾಕಿ.

ಹದಿನೈದು ವರ್ಷ ಇದೇ ಕೆಲಸ ಮಾಡಿದ್ದೇನೆ. ತಲೆ ಮೇಲೆ ಹೆಲಿಕಾಪ್ಟರ್ ಬಂದರೆ ತಿರುಗಿ ನೋಡದವರನ್ನು ನಾನು ಕಂಡಿಲ್ಲ. ಸಾವಿನ ಮನೆಯಲ್ಲೂ ಜನ ತಲೆ ಎತ್ತುತ್ತಾರೆ. ಈಕೆ ಕತ್ತನ್ನೂ ಹೊರಳಿಸಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದೇ ತುಣುಕನ್ನು ಹಿಂದಕ್ಕೆ ಓಡಿಸಿ ನೋಡಿದೆ. ಮೆಟ್ಟಿಲಿನ ಬಾಗಿಲ ಚೌಕಟ್ಟಿಗೆ ಎರಡೂ ಕಾಲು ಕೊಟ್ಟು, ಹಿಂದಕ್ಕೆ ವಾಲಿ, ಒಂದು ಕೆಂಪು ಸೀರೆಯನ್ನು ಹಿಡಿದು ಕುಳಿತಿದ್ದಾಳೆ. ಸೀರೆ ಬಾಗಿಲೊಳಗೆ, ಕೆಳಕ್ಕೆ ಹೋಗಿದೆ. ಬಟ್ಟೆ ಸುಮ್ಮನೆ ಬಿದ್ದಿದ್ದರೆ ಮಡಿಕೆ ಇರಬೇಕಿತ್ತು. ಇದು ಬಿಗಿದುಕೊಂಡು ನೆಟ್ಟಗಿತ್ತು.

"ಮೇಡಂ, ಎಡಕ್ಕೆ ತಿರುಗಿಸಿ. ಕೆರೆ ಪಕ್ಕದ ಮನೇಲಿ ಯಾರೋ ಸಿಕ್ಕೊಂಡವ್ರೆ" ಎಂದೆ. ಗಾಬರಿಯಲ್ಲಿ ಇಂಗ್ಲಿಷ್ ಬಾಯಿಗೆ ಬರಲಿಲ್ಲ.

"ಕೈ ಬೀಸಿದರಾ?" ಎಂದು ಮೇಡಂ ಇಂಗ್ಲಿಷಿನಲ್ಲೇ ಕೇಳಿದರು.

"ಇಲ್ಲ ಮೇಡಂ. ಅದಕ್ಕೇ ಹೇಳ್ತಿರದು."

ಈಗ ಮೇಡಂ ಬಾಯಲ್ಲಿ ಕನ್ನಡ ಬಂತು. "ಎಂತ ರವಿಕಿರಣ್? ಎಣ್ಣೆ ಇಲ್ಲ ಅಂತ ಈಗಷ್ಟೇ ಹೇಳಿದ್ದಲ್ವಾ? ಸಹಾಯ ಕೇಳದವರ ಮನೆಗೆ ಹೋಗ್ಲಿಕ್ಕೆ ಇದೇನು ನೆಂಟರ ಮನೆಯಾ? ನಿಮ್ಮ ಕೆಲಸ ಶೂಟ್ ಮಾಡುದು. ದಾರಿ ಹೇಳುದಲ್ಲ."

ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ಎಣ್ಣೆ ದಂಡ, ಮುಂದಿನ ಸುತ್ತು ತಡ, ಆ ಊಟಕ್ಕೆ ಕಾದವರಿಗೆ ನಾನು ಉತ್ತರ ಕೊಡಬೇಕು. ನನ್ನನ್ನು ಮತ್ತೆ ಹೆಲಿಕಾಪ್ಟರ್ ಹತ್ತಿಸುವುದೂ ಇಲ್ಲ. ಆದರೆ ಆ ಸೀರೆಯ ಕೆಳತುದಿಯಲ್ಲಿ ಒಂದು ಜೀವವಿದ್ದರೆ? ನಾವು ಎಣ್ಣೆ ತುಂಬಿಸಿಕೊಂಡು ಬರುವ ತನಕ ಆಕೆಯ ಕೈ ತಡೆಯುತ್ತದೆಂದು ಯಾರು ಹೇಳಬೇಕು? ನನಗೆ ಭಯವೂ ಆಯಿತು, ಕೆಟ್ಟ ಕೋಪವೂ ಬಂತು. ಸೊಂಟದ ಬೆಲ್ಟಿನ ಹಗ್ಗ ಎಳೆಯುವಷ್ಟು ದೂರ ಮುಂದಕ್ಕೆ ತೆವಳಿ, ಪೈಲಟ್ ಸೀಟುಗಳ ನಡುವೆ ಕ್ಯಾಮೆರಾ ಚಾಚಿದೆ.

"ಬೈಯೋದಾದ್ರೆ ಕೆಳಗಿಳಿದ್ಮೇಲೆ ಬೈರಿ ಮೇಡಂ. ಇದನ್ನೊಂದು ಕಿತ ನೋಡಿ. ಆಯಮ್ಮಂಗೆ ಎರಡು ಕೈಗೂ ಕೆಲಸ ಐತೆ. ಹೆಂಗ್ ಬೀಸ್ತಾಳೆ?"

ಅವರು ಓರೆಗಣ್ಣಿನಲ್ಲಿ ಪರದೆ ನೋಡಿದರು. ಹೆಲಿಕಾಪ್ಟರ್ ಎಡಕ್ಕೆ ಎಷ್ಟು ಜೋರಾಗಿ ವಾಲಿತೆಂದರೆ ನಾನು ಸಾಯಿಯ ತೊಡೆಯ ಮೇಲೆ ಹೋಗಿ ಬಿದ್ದೆ.

ಕಮಾಂಡೊ ಲಿಖಿತ್ ಹಗ್ಗದಲ್ಲಿ ಇಳಿದು ಬಾಗಿಲೊಳಗೆ ಇಣುಕಿದ. ಮರುಕ್ಷಣವೇ ಅವನ ದನಿ ಕೇಳಿತು. ಮೆಟ್ಟಿಲ ಮೇಲೆ ವಯಸ್ಸಾದ ಗಂಡಸು, ಸೊಂಟ ಮುರಿದ ಹಾಗಿದೆ, ಎದೆಮಟ್ಟ ನೀರು, ಕಂಕುಳಲ್ಲಿ ಸೀರೆ ಕಟ್ಟಿದೆ, ಉಸಿರಾಡುತ್ತಿದ್ದಾರೆ. ಆ ಕೊನೆಯ ಮಾತು ಕೇಳಿ ಸಾಯಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಇವತ್ತಿಗೂ ಆ ಗುದ್ದು ನನಗೆ ಪದಕ ಸಿಕ್ಕಿದ ಹಾಗೆಯೇ.

ಆತ ದಪ್ಪ ಆಳು. ಲಿಖಿತ್ ಅವರನ್ನು ನೀರಿನಿಂದ ಎಳೆದು, ಸ್ಟ್ರೆಚರಿಗೆ ಕಟ್ಟಿ ಕಳಿಸಿದ. ಹೆಲಿಕಾಪ್ಟರಿನ ಬಾಗಿಲ ಮಟ್ಟಕ್ಕೆ ಬಂದ ಸ್ಟ್ರೆಚರ್ ಗಾಳಿಗೆ ಗಿರಗಿರನೆ ತಿರುಗತೊಡಗಿತು. ಸಾಯಿಯ ಒಂದು ಕೈ ವಿಂಚಿನ ಗುಂಡಿಯ ಮೇಲೆ, ಇನ್ನೊಂದು ಉಕ್ಕಿನ ಹಗ್ಗದ ಮೇಲೆ. ಒಳಕ್ಕೆ ಎಳೆಯಲು ಮೂರನೆಯ ಕೈ ಅವನಿಗಿರಲಿಲ್ಲ. ಎಂಥ ದೃಶ್ಯ ಅದು. ಹಿಂದೆ ಕೆರೆ, ಮೋಡ ಸೀಳಿ ಬಂದ ಬಿಸಿಲು, ಒದ್ದೆ ಮುಖದ ಮುದುಕ. ಇಂಥದ್ದೊಂದು ಶಾಟಿಗಾಗಿ ಫೋಟೋದವರು ಜೀವಮಾನವೆಲ್ಲ ಕಾಯುತ್ತಾರೆ. ನಾನು ಕ್ಯಾಮೆರಾ ಕೈಬಿಟ್ಟೆ. ಅದು ಕತ್ತಿನ ಪಟ್ಟಿಯಲ್ಲಿ ನೇತಾಡುತ್ತಿರಲಿ ಎಂದು ಎರಡೂ ಕೈಯಿಂದ ಸ್ಟ್ರೆಚರ್ ಹಿಡಿದು, ಹಲ್ಲು ಕಚ್ಚಿ ಒಳಕ್ಕೆ ಎಳೆದೆ. ಆಮೇಲೆ ಆ ಹೆಂಗಸು, ಕೊನೆಗೆ ಲಿಖಿತ್.

ತಾಂಬರಂನಲ್ಲಿ ಇಳಿದು ಎಂಜಿನ್ ಸದ್ದು ಅಡಗಿದ ಮೇಲಷ್ಟೇ ಅವರ ಮಾತು ಕಿವಿಗೆ ಬಿತ್ತು. ಆಕೆ ಸೀರೆಯ ತುದಿಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದಳು.

"ಮಾಧವಿ, ಇನ್ನಾದ್ರೂ ಬುಡವ್ವ" ಎಂದರು ಮುದುಕ.

ನಾನು ಬೆಚ್ಚಿ ನೋಡಿದೆ. "ಏನ್ ಸಾರ್, ನಮ್ ಕಡೆಯೋರಾ?"

"ನಂಜನಗೂಡು ಕಣಪ್ಪ. ಕೃಷ್ಣಪ್ರಸಾದ ಅಂತ. ಪೆರಂಬೂರಲ್ಲಿ ರೈಲ್ವೇಲಿದ್ದೆ." ಹಲ್ಲು ಕಟಕಟ ಅನ್ನುತ್ತಿದ್ದರೂ ಮಗಳ ಮೇಲಿನ ದೂರು ನಿಲ್ಲಲಿಲ್ಲ. "ಬುಡು, ನೀನಾರೂ ಬದುಕ್ಕೊ ಅಂತ ಬಡ್ಕೊಂಡೆ. ಮಾತೇ ಕೇಳ್ನಿಲ್ಲ ಇವ್ಳು."

"ಪೇಸಾದೆಪ್ಪಾ, ಸುಮ್ನಿರು" ಎಂದು ಮಾಧವಿ ತಮಿಳು, ಕನ್ನಡ ಎರಡರಲ್ಲೂ ಗದರಿದಳು. ನನ್ನ ಕಡೆ ತಿರುಗಿದಳು. "ಹೆಲಿಕಾಪ್ಟರ್ ಸೌಂಡ್ ಬಂತು ಸಾರ್. ತಿರುಗಿದ್ರೆ ಕೈ ಸಡಿಲ ಆಗುತ್ತೆ ಅಂತ ತಿರುಗ್ಲೇ ಇಲ್ಲ. ನೀವು ದೂರ ಹೋಗೋದು ಕೇಳಿಸ್ತು. ಮುಡಿಞ್ಜು ಪೋಚು, ಎಲ್ಲ ಮುಗೀತು ಅಂದ್ಕೊಂಡೆ." ಅಷ್ಟು ಹೇಳಿ ಜೋರಾಗಿ ಅತ್ತಳು. ಬೆರಳುಗಳು ಸೆಟೆದುಕೊಂಡು ಬಿಟ್ಟಿದ್ದವು. ನಾನೂ ನರ್ಸೂ ಸೇರಿ ಒಂದೊಂದಾಗಿ ಬಿಡಿಸಿದೆವು. ನನ್ನ ಕಣ್ಣಲ್ಲೂ ನೀರು ಬಂತು, ಬರಲಿ ಬಿಡಿ.

ಆಂಬುಲೆನ್ಸ್ ಅವರನ್ನು ಕರೆದುಕೊಂಡು ಹೋಯಿತು. ಪ್ರಚಾರ ವಿಭಾಗದ ಅಧಿಕಾರಿ ಓಡಿ ಬಂದು, ಮೇಲೆತ್ತಿದ ದೃಶ್ಯ ಕೊಡಿ ಎಂದು ಕೈ ಚಾಚಿದರು. ಹಾಕಿ ತೋರಿಸಿದೆ. ನನ್ನ ಬೂಟು, ಸಾಯಿಯ ಬೂಟು, ನೆಲದಲ್ಲಿ ಹರಿಯುವ ನೀರು, ಅಷ್ಟೇ. ಅವರ ಮುಖ ಹುಳಿ ತಿಂದಂತಾಯಿತು. "ಬೇರೆ ಏನೂ ಇಲ್ವಾ?" ಅಂದರು. ಇಲ್ಲ ಸರ್ ಎಂದು ಎದೆಯುಬ್ಬಿಸಿ ಹೇಳಿದೆ. ಅಷ್ಟು ಹೆಮ್ಮೆಯಿಂದ ಆ ಮಾತನ್ನು ಯಾವ ಫೋಟೋದವನೂ ಹೇಳಿರಲಾರ.

ಅಷ್ಟರಲ್ಲಿ ಎಣ್ಣೆ ತುಂಬಿತ್ತು, ಮೂಟೆಗಳು ಬಂದಿದ್ದವು. ಅಶ್ವಿತಾ ಮೇಡಂ ಹೆಲ್ಮೆಟ್ ಹಾಕಿಕೊಳ್ಳುತ್ತ ನನ್ನ ಹತ್ತಿರ ಬಂದರು. ಬೈಗುಳ ಬಾಕಿ ಇದೆಯಲ್ಲ ಎಂದು ಅಟೆನ್ಷನ್ನಿನಲ್ಲಿ ನಿಂತೆ. "ನೀವು ಇನ್ನು ಹಿಂದೆ ಕೂರುದು ಬೇಡ. ನನ್ನ ಸೀಟಿನ ಹಿಂದೆಯೇ ಇರಿ" ಎಂದಷ್ಟೇ ಹೇಳಿ ಹತ್ತಿದರು. ಸಾಯಿ ಒಂದು ಮೂಟೆ ಬ್ರೆಡ್ ಕೆಳಗಿಳಿಸಿ ನನಗೆ ಜಾಗ ಮಾಡಿದ. ಮೂತಿ ತಿರುಗಿಸಿಕೊಂಡೇ ಮಾಡಿದ, ಆದರೆ ಮಾಡಿದ.

ಮಧ್ಯಾಹ್ನ ನಾನು ತೋರಿಸಿದ ಮೊದಲನೆಯ ಮನೆಯಲ್ಲಿ ಏನೂ ಇರಲಿಲ್ಲ. ತಂತಿಯ ಮೇಲೆ ಒದ್ದೆ ಹಾಸಿಗೆ ಒಣಹಾಕಿದ್ದರು. ಎರಡನೆಯದರಲ್ಲಿ ಒಬ್ಬ ಅಜ್ಜ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ನಾನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೆ. ಪೋರೂರಿನ ಕೆರೆ ದಾಟುವಾಗ, ನೀರಿನ ಟ್ಯಾಂಕಿನ ಹಿಂದೆ ಯಾರೋ ಬಗ್ಗಿ ಏನನ್ನೋ ಅವುಚಿಕೊಂಡಿರುವುದು ಲೆನ್ಸಿನಲ್ಲಿ ಕಂಡಿತು. ಹೇಳಲೋ ಬೇಡವೋ ಎಂದು ನುಂಗಿಕೊಂಡೆ.

"ಯಾಕೆ ಸುಮ್ಮನಾದಿರಿ ರವಿಕಿರಣ್?" ಎಂದರು ಮೇಡಂ. "ಯಾವ ಕಡೆ?"

"ಬಲಕ್ಕೆ ಮೇಡಂ" ಎಂದೆ. ಯಾಕೆಂದು ಹೇಳುವ ಮೊದಲೇ ಹೆಲಿಕಾಪ್ಟರ್ ಬಲಕ್ಕೆ ವಾಲಿತ್ತು.