ಫ್ಲ್ಯಾಶ್ ಇಲ್ಲದ ಆರತಕ್ಷತೆ

ಮಾರೇನಹಳ್ಳಿಯ ಬಿಂದುಶ್ರೀ ಮದುವೆ ಫೋಟೊ ತೆಗೆಯುವವಳು. ತಂದೆಯ ಸ್ಟುಡಿಯೊ ಕೈಗೆ ಬಂದಾಗಿನಿಂದ ಎಷ್ಟೋ ಮದುವೆಗಳನ್ನು ನೋಡಿದ್ದಳು, ಗಿರಾಕಿಗಳ ಬೇಡಿಕೆಗಳಿಗೆ ಅಚ್ಚರಿಪಡುವುದನ್ನು ಎಂದೋ ಬಿಟ್ಟಿದ್ದಳು. ಆದರೂ ಹೇರೋಹಳ್ಳಿಯ ಅನಂತಲಕ್ಷ್ಮಿ ಮಗಳ ಮದುವೆಗೆ ಗೊತ್ತುಮಾಡಲು ಬಂದು, "ಒಂದೇ ಒಂದು ಫ್ಲ್ಯಾಶೂ ಹೊಡೀಬಾರ್ದು ಕಣಮ್ಮ," ಎಂದಾಗ ಅವರ ಮುಖವನ್ನು ಸರಿಯಾಗಿ ನೋಡಿದಳು.

"ಯಾಕೆ ಆಂಟಿ?"

"ನಮ್ಮನೇಲಿ ಹಂಗೇ ಪದ್ಧತಿ."

ಅಂಥ ಪದ್ಧತಿ ಯಾವ ಮನೆಯಲ್ಲೂ ಇರಲಾರದೆಂದು ಬಿಂದುಶ್ರೀಗೆ ಗೊತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮದುಮಗಳು ಗಗನಾ ನೆಲ ನೋಡುತ್ತಿದ್ದಳು. ಬಿಂದುಶ್ರೀ ಮುಂದೆ ಕೇಳಲಿಲ್ಲ, ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೆ ಮಲ್ಲತ್ತಹಳ್ಳಿಗೆ ಹೋಗಿ ಛತ್ರ ನೋಡಿ ಬಂದಳು. ಹಳೆಯ ಕಟ್ಟಡ, ತಗ್ಗು ಚಾವಣಿ, ಮಬ್ಬು ಹಳದಿ ದೀಪಗಳು. ಅಲ್ಲಿ ತನ್ನ ಹಳೆಯ ಕ್ಯಾಮೆರಾದಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೊದ ಮೇಲೆಲ್ಲ ರವೆ ಚೆಲ್ಲಿದಂತಿತ್ತು. ಹೊಸ ಕ್ಯಾಮೆರಾ ಕೊಳ್ಳುವುದನ್ನು ಅವಳು ಬಹಳ ದಿನದಿಂದ ಮುಂದೂಡುತ್ತಿದ್ದಳು. ಇನ್ನು ಮುಂದೂಡುವಂತಿರಲಿಲ್ಲ. ಗಗನಾಗೆ ಫೋನ್ ಮಾಡಿ, ಆರತಕ್ಷತೆಗೆ ಉಡುವ ಸೀರೆ ತೆಗೆದುಕೊಂಡು ರಾಜಾಜಿನಗರದ ಅಂಗಡಿಗೆ ಬರಲು ಹೇಳಿದಳು. ಯಾವ ಮುಖವನ್ನು ತೆಗೆಯಬೇಕೋ ಆ ಮುಖದ ಮೇಲೆಯೇ ಪರೀಕ್ಷೆ ಮಾಡುವುದು ಸರಿ ಎನ್ನಿಸಿತ್ತು.

ಅಂಗಡಿಯವನು ಮೆಗಾಪಿಕ್ಸೆಲ್ ಪುರಾಣ ಶುರುಮಾಡಿದ.

"ಅದಿರ್ಲಿ ಅಣ್ಣ. ಹಿಂದಗಡೆ ಕತ್ತಲೆ ಜಾಗ ಎಲ್ಲಿದೆ?"

ಖಾಲಿ ಡಬ್ಬಗಳನ್ನು ಪೇರಿಸಿಟ್ಟಿದ್ದ ಹಿಂದಿನ ಕೋಣೆಯಲ್ಲಿ ಒಂದೇ ಒಂದು ಬಲ್ಬಿತ್ತು. ಕಡುಗೆಂಪು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಗಗನಾ ಸ್ಟೂಲಿನ ಮೇಲೆ ಕೂತಳು. ಬಿಂದುಶ್ರೀ ಒಂದೊಂದೇ ಕ್ಯಾಮೆರಾ ಎತ್ತಿಕೊಂಡು, ಒಂದೇ ಅಳತೆಯ ಲೆನ್ಸ್ ಹಾಕಿ, ಐಎಸ್‌ಒ ಏರಿಸುತ್ತ ತೆಗೆಯುತ್ತಾ ಹೋದಳು. ಐಎಸ್‌ಒ ಏರಿಸಿದಷ್ಟೂ ಕ್ಯಾಮೆರಾ ಕಡಿಮೆ ಬೆಳಕಿನಲ್ಲೂ ಕಾಣುತ್ತದೆ, ಆದರೆ ಚಿತ್ರದಲ್ಲಿ ಕಾಳುಕಾಳು ಏಳುತ್ತದೆ. ಎಲ್ಲಿಯವರೆಗೆ ತಡೆದುಕೊಳ್ಳುತ್ತದೆ ಎಂಬುದೇ ನೋಡಬೇಕಾದ್ದು.

ಅಂಗಡಿಯವನು ಮುಂದೆ ಗಿರಾಕಿ ನೋಡಲು ಹೋದಾಗ ಗಗನಾ ತಾನಾಗಿಯೇ ಹೇಳಿದಳು.

"ಪದ್ಧತಿಯೇನೂ ಇಲ್ಲ ಅಕ್ಕ. ಲೈಟು ಪಟಪಟ ಅಂತ ಹೊಡೆದ್ರೆ ನಂಗೆ ಫಿಟ್ಸ್ ಬರುತ್ತೆ. ಮಾತ್ರೆ ತಗೋತೀನಿ. ಕಾಲೇಜಲ್ಲಿದ್ದಾಗ ಬಂದಿದ್ದೇ ಕೊನೆ."

"ಹುಡುಗನಿಗೆ ಗೊತ್ತಾ?"

"ಬಸವಕುಮಾರ್‌ಗೆ ಎಲ್ಲ ಗೊತ್ತು. ಅವರ ಮನೆಯವ್ರಿಗೆ ಗೊತ್ತಿಲ್ಲ. ಮದುವೆ ಆದ್ಮೇಲೆ ಹೇಳೋಣ ಅಂತಾರೆ ಅಮ್ಮ."

ಬಿಂದುಶ್ರೀ ಮತ್ತೆ ಕ್ಯಾಮೆರಾ ಕಣ್ಣಿಗೆ ಹಿಡಿದಳು. "ಸ್ವಲ್ಪ ಎಡಕ್ಕೆ ತಿರುಗು," ಎಂದಳು.

ಚಿತ್ರಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಹೆಚ್ಚು ಮೆಗಾಪಿಕ್ಸೆಲ್‌ನದರಲ್ಲಿ ಸೀರೆಯ ನೆರಳಿನಲ್ಲೆಲ್ಲ ನೀಲಿ, ಹಸಿರು ಚುಕ್ಕಿಗಳು ಎದ್ದಿದ್ದವು. ಇನ್ನೊಂದು ಚುಕ್ಕಿಗಳನ್ನು ಅಳಿಸುವ ಭರದಲ್ಲಿ ಗಗನಾಳ ಕೆನ್ನೆಯನ್ನು ಮೇಣದ ಗೊಂಬೆಯದಾಗಿಸಿತ್ತು. ಮೂರನೆಯದರಲ್ಲಿ ಸಣ್ಣ ಕಾಳು ಇತ್ತು, ಆದರೆ ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿತ್ತು, ಚರ್ಮ ಚರ್ಮದಂತೆಯೇ ಇತ್ತು. ತೆಗೆಯುವಾಗ ಅದು ಕತ್ತಲಲ್ಲಿ ಫೋಕಸ್ಸಿಗೆ ತಡಕಾಡಿರಲೂ ಇಲ್ಲ. ಬಿಂದುಶ್ರೀ ಅದನ್ನೇ ಕೊಂಡಳು.

ಆರತಕ್ಷತೆಯ ಸಂಜೆ ಮೊದಮೊದಲು ಎಲ್ಲ ಸರಾಗವಾಗಿಯೇ ನಡೆಯಿತು. ಆಮೇಲೆ ಗಂಡಿನ ದೊಡ್ಡಪ್ಪ ನಂಜುಂಡಪ್ಪ ವೇದಿಕೆಯ ಬಳಿ ಬಂದು ನಿಂತರು.

"ಏನಮ್ಮಾ, ಲೈಟೇ ಹೊಡೀತಿಲ್ಲ? ಫೋಟೊ ಬೀಳುತ್ತಾ?"

ಬಿಂದುಶ್ರೀ ಕ್ಯಾಮೆರಾದ ಹಿಂಬದಿ ತೋರಿಸಿದಳು. ಅವರು ಕನ್ನಡಕ ಮೇಲೆತ್ತಿ ನೋಡಿದರು.

"ಚೆನ್ನಾಗೇ ಇದೆ. ಆದ್ರೂ ಬೆಳ್ಳಗಿಲ್ಲ. ನಮ್ಮ ಕಡೆ ಹುಡುಗ ಒಬ್ಬ ಫ್ಲ್ಯಾಶ್ ತಂದವ್ನೆ, ಮನೆಯವರ ಗ್ರೂಪ್ ಫೋಟೊ ಅವನೇ ತೆಗೀಲಿ."

"ಬೇಡ ಸಾರ್, ನಾನೇ ತೆಗೀತೀನಿ."

"ಅಯ್ಯೋ, ನಿಮ್ಮ ಕೆಲಸ ಕಿತ್ಕೊಳ್ಳಲ್ಲ. ಒಂದೈದಾರು, ಅಷ್ಟೇ."

ಆ ಹುಡುಗ ಆಗಲೇ ಫ್ಲ್ಯಾಶ್ ಸಿಕ್ಕಿಸುತ್ತಿದ್ದ. ಅನಂತಲಕ್ಷ್ಮಿಯ ಮುಖ ಬಿಳಿಚಿತು. ಬಿಂದುಶ್ರೀ ನಿಜ ಹೇಳಿಬಿಡಬಹುದಿತ್ತು, ಆದರೆ ಅದು ತಾನು ಹೇಳುವ ಮಾತಲ್ಲ. ಅವಳು ಹುಡುಗನಿಗೂ ವೇದಿಕೆಗೂ ನಡುವೆ ಹೋಗಿ ನಿಂತಳು. ಬಸವಕುಮಾರ್ ಬಾಯಿ ತೆರೆದ. ಅಷ್ಟರಲ್ಲಿ ಗಗನಾಳೇ ಮಾತಾಡಿದಳು.

"ದೊಡ್ಡಪ್ಪ, ಫ್ಲ್ಯಾಶ್ ಬೇಡ. ನಂಗೆ ಆ ಲೈಟಿಗೆ ಫಿಟ್ಸ್ ಬರುತ್ತೆ."

ವೇದಿಕೆಯ ಮೇಲಿದ್ದವರೆಲ್ಲ ಅವಳತ್ತ ತಿರುಗಿದರು. ಕೆಳಗೆ ವಾಲಗದವರು ನುಡಿಸುತ್ತಲೇ ಇದ್ದರು. ಗಂಡಿನ ತಾಯಿ ಹನುಮಕ್ಕ ಸೊಸೆಯನ್ನು, ಮಗನನ್ನು, ಕೊನೆಗೆ ಅನಂತಲಕ್ಷ್ಮಿಯನ್ನು ನೋಡಿದರು.

"ನಿಂಗೆ ಗೊತ್ತಿತ್ತೇನೋ?" ಎಂದು ಮಗನನ್ನು ಕೇಳಿದರು.

"ಗೊತ್ತಿತ್ತು ಅಮ್ಮ. ಮೊದಲೇ ಹೇಳಿದ್ಲು."

ನಂಜುಂಡಪ್ಪ ಹುಡುಗನ ಕಡೆ ತಿರುಗಿ, "ಒಳಗಿಟ್ಕೊಳ್ಳೋ ಅದನ್ನ," ಎಂದರು. ಫೋನ್ ಹಿಡಿದು ನಿಂತಿದ್ದವರಿಗೂ ಲೈಟು ಆರಿಸಲು ಹೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತು, "ಹೂಂ, ತೆಗೀರಿ," ಎಂದರು.

ಬಿಂದುಶ್ರೀ ತೆಗೆದಳು. ಎಲ್ಲರೂ ಕ್ಯಾಮೆರಾ ನೋಡಿದರು, ಹನುಮಕ್ಕ ಮಾತ್ರ ಪಕ್ಕಕ್ಕೆ ನೋಡುತ್ತಿದ್ದರು. ಮರುದಿನ ಧಾರೆ ನಡೆಯಿತು. ಬೀಗಿತ್ತಿಯರಿಬ್ಬರೂ ಶಾಸ್ತ್ರಕ್ಕೆ ಬೇಕಾದಷ್ಟೇ ಮಾತಾಡಿದ್ದನ್ನು ಬಿಂದುಶ್ರೀ ಗಮನಿಸಿದಳು.

ತಿಂಗಳು ಕಳೆದ ಮೇಲೆ ಆಲ್ಬಮ್‌ಗೆ ಫೋಟೊ ಆರಿಸಲು ಗಗನಾ ಬಂದಳು, ಜೊತೆಗೆ ಹನುಮಕ್ಕನೂ ಇದ್ದರು. ಗ್ರೂಪ್ ಫೋಟೊ ಪರದೆಯ ಮೇಲೆ ಬಂದಾಗ ಬಿಂದುಶ್ರೀ, "ಬೇರೆ ಫೋಟೊದಿಂದ ನಿಮ್ಮ ಮುಖ ತಂದು ಕೂರಿಸಬಹುದು ಆಂಟಿ, ಗೊತ್ತೇ ಆಗಲ್ಲ," ಎಂದಳು.

ಹನುಮಕ್ಕ ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು. ಮುಚ್ಚಿದ ತುಟಿ, ಗಂಟಿಕ್ಕಿದ ಹುಬ್ಬು, ಎಲ್ಲವೂ ಸ್ಪಷ್ಟವಾಗಿತ್ತು.

"ಬೇಡ ಬಿಡಮ್ಮ. ನಂಗೊಂದು ಮಾತು ಹೇಳಿರಲಿಲ್ಲ, ಅದ್ಕೆ ಕೋಪ ಬಂದಿತ್ತು. ಬಂದಿದ್ದು ನಿಜ ತಾನೇ?"

ಗಗನಾ ಅತ್ತೆಯ ಕಡೆ ನೋಡಿದಳು.

"ಈಗಲೂ ಇದೆಯಾ ಅತ್ತೆ?"

"ನಿಮ್ಮಮ್ಮನ ಮೇಲೆ ಇದೆ," ಎಂದರು ಹನುಮಕ್ಕ. "ಮುಂದಿನದು ತೋರಿಸಮ್ಮ."

ಬಿಂದುಶ್ರೀ ಮುಂದಿನದನ್ನು ತೋರಿಸಿದಳು.