ಪೆಟ್ಟಿನ ಮೇಲೆ ಬರೆ

“ಏಳಲೇ ಸೂಳಿಮಗಳ! ಮೊಗ್ಗೆಲ್ಲ ಕೆಸರಿಗೆ ಚೆಲ್ಲಿ ನಾಟಕ ಮಾಡಾಕತ್ತಿಯೇನು?”

ಧಣಿ ಪಂಚಾಕ್ಷರಪ್ಪನ ಚಪ್ಪಲಿಗಾಲು ಎರಡನೇ ಸಲ ಏಳಲಿಲ್ಲ. ಒಂದೇ ಸಾಕಾಗಿತ್ತು. ಹಡಗಲಿ ಮಲ್ಲಿಗೆಯ ಸಾಲುಗಳ ನಡುವೆ ಒಂಬತ್ತು ವರ್ಷದ ಚಂದನಾ ಹೊಟ್ಟೆ ಹಿಡಿದು ಮುದುಡಿದ್ದಳು. ತಾಯಿ ಅಂಜಿನಕ್ಕ ಉಡಿತುಂಬ ಮೊಗ್ಗು ಹೊತ್ತೇ ಓಡಿಬಂದಳು. ಅಂಜಿನಕ್ಕನ ಅಣ್ಣ ಮೈಲಾರೇಶ, ಧಣಿಯ ಕಾರಿನ ಡ್ರೈವರ್, ಬದುವಿನ ಮೇಲೆ ನಿಂತು ನೋಡುತ್ತಿದ್ದ.

“ಸಣ್ಣ ಹುಡುಗಿ ಐತ್ರಿ ಧಣಿ, ಗೊತ್ತಾಗಿಲ್ಲ…” ಎಂದಳು ಅಂಜಿನಕ್ಕ.

“ಗೊತ್ತಾಗಲಿ ಅಂತಾನ ಒದ್ದದ್ದು.”

ಸಂಜೆಗೆ ಹೊಕ್ಕಳ ಮೇಲ್ಗಡೆ ಅಂಗೈಯಗಲ ನೀಲಿಗಟ್ಟಿತ್ತು. ಕುಡಿದ ನೀರೂ ವಾಂತಿಯಾಗುತ್ತಿತ್ತು. ಅಂಗಾತ ಮಲಗಿಸಿದರೆ ಚೀರುವಳು. ಮೊಣಕಾಲಿಗೆ ಹಣೆ ಹಚ್ಚಿ ಬಾಗಿ ಕೂತರೆ ಮಾತ್ರ ಸ್ವಲ್ಪ ಸುಮ್ಮನಾಗುವಳು.

ಮರುದಿನ ಮೈಲಾರೇಶ ಧಣಿಯ ತಾಯಿ ಅನ್ನದಾನಮ್ಮನನ್ನೇ ಕರೆತಂದ. ಆಕೆ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು.

“ಹೊಟ್ಟಿಬ್ಯಾನಿಗೆ ಬರಿ ಹಾಕಿದ್ರ ಹೋಗ್ತತಿ. ನನ್ನ ಕೈಗುಣ ಛಲೋ ಐತಿ.”

ಬರೆ ಕೇರಿಗೆ ಹೊಸದಲ್ಲ. ಅಂಜಿನಕ್ಕನ ಹೊಕ್ಕಳ ಪಕ್ಕದಲ್ಲೂ ಒಂದು ಗುರುತಿತ್ತು. ಆದರೆ ಅನ್ನದಾನಮ್ಮ ಕಾಸಿದ ಅರಿಶಿನಕೊಂಬನ್ನು ಆರು ಸಲ ಒತ್ತಿದಳು, ನೀಲಿ ಇದ್ದಲ್ಲೆಲ್ಲ. ಮೈಲಾರೇಶ ಮಗುವಿನ ಕಾಲು ಹಿಡಿದಿದ್ದ. ಕೈ ಹಿಡಿದವಳು ಅಂಜಿನಕ್ಕನೇ. ದೊಡ್ಡವರು ಮನೆತನಕ ಬಂದರೆಂದು ಆಮೇಲೆ ಆಕೆಗೆ ಕೈಯನ್ನೂ ಮುಗಿದಳು.

ಮೂರನೇ ದಿನ ಮಗು ಕಣ್ಣು ತೇಲಿಸಿತು. ಧಣಿ ತಾನಾಗಿ ಕಾರು ಕೊಟ್ಟ, ದೊಡ್ಡಾಸ್ಪತ್ರೆಗೆ ಜೊತೆಗೂ ಬಂದ.

ಮಕ್ಕಳ ಡಾಕ್ಟರ್ ಸುಕನ್ಯಾ ರಕ್ತದ ರಿಪೋರ್ಟು, ಸ್ಕ್ಯಾನಿಂಗು ನೋಡಿದರು.

“ಜಠರದ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇರುತ್ತೆ. ಅದು ಬಾತಿದೆ. ಡ್ರಿಪ್ಪು, ನೋವಿನ ಔಷಧಿ ಶುರು ಮಾಡಿದೀವಿ. ಆದ್ರೆ ಕಾರಣ ತಿಳೀಬೇಕು. ಪೆಟ್ಟು ಬಿದ್ದು ಗ್ರಂಥಿ ಹರಿದಿದ್ರೆ ಮುಂದಿನ ದಾರಿನೇ ಬೇರೆ. ಹೊಟ್ಟೆಗೆ ಏನಾದ್ರೂ ಬಡಿದಿತ್ತಾ? ಈ ಬರೆಗಳಡಿ ಪೆಟ್ಟಿನ ಗುರುತು ಇತ್ತೋ ಇಲ್ವೋ, ಚರ್ಮ ನೋಡಿ ಏನೂ ಹೇಳೋಕಾಗ್ತಿಲ್ಲ.”

“ಪೆಟ್ಟುಗಿಟ್ಟು ಏನಿಲ್ರಿ ಮೇಡಂ,” ಪಂಚಾಕ್ಷರಪ್ಪ ನಕ್ಕ. “ಕಂಡಕಂಡದ್ದು ತಿಂತಾವು ಇವು.”

“ಹೌದ್ರಿ,” ಎಂದ ಮೈಲಾರೇಶ. “ನಾನ ಸೋದರಮಾವ. ಹೊಲದಾಗ ನಾನೂ ಇದ್ದೆ.”

ಬರೆ ಆರು ಯಾಕೆಂದು ಅಂಜಿನಕ್ಕನಿಗೆ ಆಗ ತಿಳಿಯಿತು. ಅಣ್ಣನ ಮುಖವನ್ನೇ ನೋಡಿದಳು. ಅವನು ನೆಲ ನೋಡಿದ.

“ನಿನ್ನೆ ಕೂಸಿನ ಕಾಲು ಹಿಡಿದಿ. ಇವತ್ತು ಬಾಯೂ ಹಿಡಿತೀಯೇನೋ ಅಣ್ಣಾ?” ಡಾಕ್ಟರ ಕಡೆ ತಿರುಗಿದಳು. “ಒದ್ದಾನ್ರಿ. ಚಪ್ಪಲಿಗಾಲಿಲೆ, ಹೊಟ್ಟಿಗೇ. ಇಗಾ, ಇವನ.”

“ಏನ್ ಬೊಗಳ್ತಿಲೇ! ನಾಳಿ ಊರಾಗ ಹೆಂಗ ಕಾಲಿಡ್ತಿ ನೋಡ್ತೀನಿ.”

ಪಂಚಾಕ್ಷರಪ್ಪ ದಾಪುಗಾಲಿಟ್ಟು ಹೊರಟ. ಮೈಲಾರೇಶ ಅವನಿಗಿಂತ ಮುಂಚೆ ಓಡಿದ.

ಸುಕನ್ಯಾ ನರ್ಸನ್ನು ಕೂಗಿ ಸರ್ಜನ್ನರಿಗೆ ಫೋನ್ ಮಾಡಿಸಿದರು. ಆಮೇಲೆ ಪೆನ್ನು ತೆಗೆದರು. “ಇದನ್ನ ಪೊಲೀಸರಿಗೆ ತಿಳಿಸ್ಬೇಕಾಗುತ್ತಮ್ಮ. ಬೇರೆ ಯಾರಾದ್ರೂ ನೋಡಿದಾರಾ?”

“ನೋಡ್ಯಾನ್ರಿ ನಮ್ಮಣ್ಣ. ಮೈಲಾರೇಶ ಅಂತ ಬರ್ಕೊಳ್ರಿ.” ಅಂಜಿನಕ್ಕ ಕಿಟಕಿಯಾಚೆ ಕೈ ತೋರಿಸಿದಳು. “ಅಗಾ, ಕಾರಿನ ಬಾಗ್ಲ ಹಿಡಕೊಂಡು ನಿಂತಾನ.”