ಕಚ್ಚಾ ಹೊಲಿಗಿ

ಸಿದ್ದವ್ವನ ಕಾಲಿಗೆ ಚುಚ್ಚಿದ ಕಲ್ಲಿನ ಚೂರು ಕಡಲೆಬೇಳೆಯಷ್ಟೂ ಇರಲಿಲ್ಲ. ಕಾಲಲ್ಲಿದ್ದದ್ದು ಇಳಕಲ್ಲಿನ ಅಂಗಡಿಯಿಂದ ಮಗ ಸಂಗಮೇಶ ತಂದುಕೊಟ್ಟ ಮೂರನೆಯ ಜೋಡು ಚಪ್ಪಲಿ. ಮೊದಲನೆಯದು ಅಂಟು ಬಿಟ್ಟಿತ್ತು, ಎರಡನೆಯದರ ಪಟ್ಟಿ ಕಿತ್ತಿತ್ತು, ಇದರ ತಳ ಹಪ್ಪಳದಂತೆ ಸವೆದು ಚೂರನ್ನು ಒಳಗೆ ಬಿಟ್ಟುಕೊಂಡಿತ್ತು. ಸಕ್ಕರೆ ಕಾಯಿಲೆಯ ಕಾಲು, ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

"ಇನ್ನೊಮ್ಮೆ ಹಿಂಗಾದ್ರ ಹೆಬ್ಬಟ್ಟ ಉಳಿಯೂದಿಲ್ಲ ನೋಡ್ರಿ" ಎಂದರು ಬಾಗಲಕೋಟೆಯ ಡಾಕ್ಟರು.

ಕಾಲಿನ ಹೆಬ್ಬೆರಳು ಹೋದರೆ ಮಗ್ಗ ತುಳಿಯುವುದೂ ಹೋಯಿತು. ಮೂವತ್ತು ವರ್ಷ ಸೀರೆ ನೇಯ್ದ ಹೆಂಗಸಿಗೆ ಮತ್ತೇನು ಉಳಿಯಿತು?

ಸಂಗಮೇಶ ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಪವರ್‌ಲೂಮಿಗೆ ಸೇರಿದವನು, ಸಿಟ್ಟು ಸದಾ ಮೂಗಿನ ತುದಿಯಲ್ಲೇ. ತಳ ಸವೆದ ಚಪ್ಪಲಿ ಒಯ್ದು ಅಂಗಡಿಯ ಕೌಂಟರಿನ ಮೇಲೆ ಬಡಿದ.

"ಇದನ್ನ ಮೆಟ್ಟಾಕ ಮಾಡ್ಯಾರೋ, ನೋಡಾಕ ಮಾಡ್ಯಾರೋ?"

"ಎಲ್ಲಾರೂ ಇದನ್ನ ಒಯ್ತಾರ ತಮ್ಮಾ. ಹರಿದ್ರ ಇನ್ನೊಂದು" ಎಂದ ಅಂಗಡಿಯವ.

"ಕಾಲೂ ಇನ್ನೊಂದು ಕೊಡ್ತೀರೇನು?"

ಮರುದಿನ ಅವ್ವನ ಪಾದವನ್ನು ರಟ್ಟಿನ ಮೇಲೆ ಇರಿಸಿ, ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಂಡು ಹುನಗುಂದದ ಬಸ್ಸು ಹತ್ತಿದ. ಅಲ್ಲಿ ಮುತ್ತಪ್ಪ ಎಂಬ ಮುದುಕ ಇನ್ನೂ ಕೈಯಿಂದ ಚಪ್ಪಲಿ ಹೊಲಿಯುತ್ತಿದ್ದ. ರಟ್ಟು ನೋಡಿ, ಸಕ್ಕರೆ ಕಾಯಿಲೆ ಎಂದು ಕೇಳಿ, "ಹೆಬ್ಬಟ್ಟಿಗೆ ಸಿಗಿಸೂ ಉಂಗುಟ ಬ್ಯಾಡ, ತಿಕ್ಕತೈತಿ. ಅಗಲ ಪಟ್ಟಿ, ಹಿಂದೊಂದು ಪಟ್ಟಿ" ಎಂದ. ಎಂಟು ದಿನಕ್ಕೆ ಕೊಟ್ಟ. ತಳ ಎರಡು ಪದರು, ಮೇಣ ತಿಕ್ಕಿದ ದಾರ, ಅಂಟಿನ ಮಾತೇ ಇಲ್ಲ.

ಸಿದ್ದವ್ವ ಸೀರೆಯ ದಡಿ ನೋಡುವಂತೆ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಹಳೆಯದನ್ನೇ ಮೆಟ್ಟಿಕೊಂಡು ನೂಲು ತರಲು ಹೊರಟಳು.

"ಯವ್ವಾ, ಅದು ಸೀರಿ ಅಲ್ಲ."

"ಭಾಳ ಛಲೋ ಅದಾವೋ. ಈ ರಾಡ್ಯಾಗ ಕೆಡಸಲೇನು? ನಿನ್ನ ಮದಿವಿಗೆ ಹಾಕ್ಕೋತೇನಿ."

"ಅಲ್ಲಿತನಕ ಹೆಬ್ಬಟ್ಟ ಇರಬೇಕಲ್ಲ?"

"ಈ ಸಿಟ್ಟಿಗೆ ಯಾರು ಹೆಣ್ಣ ಕೊಡ್ತಾರ? ಅದಕ್ಕ ಅವು ಭಾಳ ವರ್ಷ ಬಾಳ್ತಾವು."

ಸಂಗಮೇಶ ಮೂರು ದಿನ ಕೂಗಾಡಿದರೂ ಅವ್ವ ಪೆಟ್ಟಿಗೆ ತೆರೆಯಲಿಲ್ಲ. ನಾಲ್ಕನೆಯ ದಿನ ಅವನೇ ಚಪ್ಪಲಿ ತೆಗೆದು ಹುನಗುಂದಕ್ಕೆ ಒಯ್ದು ಮುತ್ತಪ್ಪನ ಮುಂದೆ ಇಟ್ಟ. "ಕೆಡಿಸಿ ಕೊಡ್ರಿ ಕಾಕಾ. ಛಲೋ ಇದ್ರ ಮೆಟ್ಟವಲ್ಲಳು."

"ನಿಮ್ಮವ್ವ ಏನ ಕೆಲಸಾ ಮಾಡ್ತಾಳ?"

"ಸೀರಿ ನೇಯ್ತಾಳ."

ಮುದುಕ ಹಿಂದಿನ ಪಟ್ಟಿಯ ಹೊಲಿಗೆ ಬಿಚ್ಚಿ, ಎರಡೆರಡು ದೊಡ್ಡ ಕಚ್ಚಾ ಹೊಲಿಗೆ ಹಾಕಿದ. "ಹೋಗಿ ಹೇಳು, ಕೆಲಸಾ ಅರ್ಧ ಆಗೇತಿ. ಮೊದಲ ಮನಿಯಾಗ ಒಂದಿಷ್ಟೊತ್ತು, ಆಮ್ಯಾಲೆ ಹೊರಗ. ದಿನಾ ಸಂಜೀಕ ಅಂಗಾಲು ನೋಡ್ಕೋಬೇಕು. ಚರ್ಮ ಕಾಲಿನ ಗುರುತು ಹಿಡದ ಮ್ಯಾಲೆ ಪಕ್ಕಾ ಹೊಲಿತೇನಿ. ಅಲ್ಲಿತನಕ ಅದು ನನ್ನ ಕೆಲಸ, ಆಕಿ ಚಪ್ಪಲಿ ಅಲ್ಲ."

ಮಗ ಮನೆಗೆ ಬಂದು ಅದನ್ನೇ ಹೇಳಿದಾಗ ಸಿದ್ದವ್ವ ಆ ಒರಟು ಹೊಲಿಗೆ ಮುಟ್ಟಿ ನೋಡಿದಳು. ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕೊಯ್ದು ಮಡಿಚಿಡುವ ನೇಕಾರಳು ಇಳಕಲ್ಲಿನಲ್ಲಿ ಹುಟ್ಟಿಲ್ಲ.

"ಮೊದಲ ಹೇಳಬಾರದೇನಲೇ? ಒಬ್ಬರ ಕೆಲಸಾ ಅರ್ಧಕ್ಕ ನಿಲ್ಲಿಸಿದಂಗಾತು" ಎಂದು ಮಗನನ್ನೇ ಬೈದು, ಅಲ್ಲೇ ಕೂತು ಮೆಟ್ಟಿಕೊಂಡಳು.

ಮೊದಲು ಅಡುಗೆಮನೆಯವರೆಗೆ, ವಾರದ ಮೇಲೆ ನೂಲಿನ ಅಂಗಡಿಯವರೆಗೆ. ಸಂಜೆ ಅವ್ವನ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಸಂಗಮೇಶ ಪರೀಕ್ಷಿಸುತ್ತಿದ್ದ. ಕೆಂಪಿಲ್ಲ, ಬೊಕ್ಕೆಯಿಲ್ಲ. ಡಾಕ್ಟರೂ ನೋಡಿ, ಸರಿಯಿದೆ ಎಂದು ತಲೆಯಾಡಿಸಿದರು.

ತಿಂಗಳ ಮೇಲೆ ಇಬ್ಬರೂ ಹುನಗುಂದಕ್ಕೆ ಹೋದರು. ಮುತ್ತಪ್ಪ ಕಚ್ಚಾ ದಾರ ಕಿತ್ತು ಪಕ್ಕಾ ಹೊಲಿದು, "ಇನ್ನ ನಿಮ್ಮವು ನೋಡ್ರಿ ಅಕ್ಕಾರ" ಎಂದು ಮುಂದಿಟ್ಟ.

ಸಂಗಮೇಶ ಅವ್ವನ ಮುಖ ನೋಡಿದ. ಕೆಲಸ ಮುಗಿಯಿತು, ಮುಗಿದದ್ದು ಮತ್ತೆ ಪೆಟ್ಟಿಗೆಗೆ ಹೋದರೆ?

ಸಿದ್ದವ್ವ ಚಪ್ಪಲಿಯೊಳಗೆ ಕಾಲು ತೂರಿಸಿ ಎರಡು ಹೆಜ್ಜೆ ನಡೆದಳು.

"ಈಗ ಬಿಚ್ಚಿದ್ರ ಬರಿಗಾಲ ಅನಸತೈತಿ" ಎಂದಳು. "ಬಸ್ಸಿಗೆ ಇನ್ನೂ ಹೊತ್ತೈತಿ, ಬಾ, ಸಂತಿ ನೋಡ್ಕೊಂಡು ಬರೂಣು."